ಟಿವಿಗೂ ಅದೇ, ಕಂಪ್ಯೂಟರಿಗೂ ಅದೇ

೯ ಜೂನ್ ೧೯೯೭, ಸೋಮವಾರ

ಉಪವಾಸವಿದ್ದರೂ ಇವತ್ತು ಹಸಿವೆ ಗೊತ್ತಾಗಲಿಲ್ಲ. ಮಧ್ಯಾಹ್ನವೆಲ್ಲ ಸೊಸೆ ಚಂದ್ರಮತಿಯ, ನಾನು ಪ್ರೀತಿಯಿಂದ ಕರೆಯುವ ಚಂದ್ರವ್ವನ, ಕಂಪ್ಯೂಟರಿನ ಮುಂದೆ ಕೂತು ಕಬ್ಬಿಗೆ ನೀರು ಹಾಯಿಸಿದೆ. ಐವತ್ತರ ವಯಸ್ಸಿನಲ್ಲಿ ನನಗೆ ಇಂಥ ಹುಚ್ಚು ಹಿಡಿದೀತೆಂದು ಯಾರಾದರೂ ಹೇಳಿದ್ದರೆ ಬೈದು ಕಳಿಸುತ್ತಿದ್ದೆ.

ಮದುವೆಯಲ್ಲಿ ಅವಳಪ್ಪ ಬಂಗಾರದ ಬದಲು ಕಂಪ್ಯೂಟರ್ ಕೊಟ್ಟಾಗ ನಮ್ಮೂರು ಅಂಕಲಿಯ ಹೆಂಗಸರೆಲ್ಲ ನಕ್ಕಿದ್ದರು. ಅವಳು ಮಿರಜಿನಲ್ಲಿ ಅದನ್ನೇ ಓದಿದವಳು. ಮನೆಗೆಲಸ ಮುಗಿಸಿ ಕೂತು ಕೂತು ಒಂದು ಆಟ ಮಾಡಿದ್ದಾಳೆ. ಎಲ್ಲಿಂದಲೋ ತಂದದ್ದಲ್ಲ, ತಾನೇ ಮಾಡಿದ್ದು. ಮೇಲೆ ಬಾವಿ, ಕೆಳಗೆ ಇಳಿಜಾರಿನಲ್ಲಿ ಕಬ್ಬಿನ ಸಾಲುಗಳು. ಒಂದು ಬಟನ್ ಒತ್ತಿದರೆ ಸಾಲಿನ ಬಾಯಿ ತೆರೆಯುತ್ತದೆ, ಇನ್ನೊಂದಕ್ಕೆ ಮಣ್ಣು ಬಿದ್ದು ಮುಚ್ಚುತ್ತದೆ, ಮತ್ತೊಂದಕ್ಕೆ ಮೋಟಾರು ನಿಲ್ಲುತ್ತದೆ. ನೀರು ಒಮ್ಮೆಲೇ ಓಡುವುದಿಲ್ಲ. ಹೊಲದಲ್ಲಿ ಆಗುವ ಹಾಗೆಯೇ ಮೊದಲು ಮಣ್ಣು ಕುಡಿಯುತ್ತದೆ, ಅದರ ಬಣ್ಣ ಕಪ್ಪಾಗುತ್ತ ಬರುತ್ತದೆ, ಆಮೇಲೆ ನೀರು ಮುಂದೆ ಸರಿಯುತ್ತದೆ. ಒಡ್ಡಿನಲ್ಲಿ ಏಡಿ ತೂತು ಮಾಡಿದ್ದರೆ ಪಕ್ಕದ ಹೊಲಕ್ಕೆ ಸೋರುತ್ತದೆ. ಅದನ್ನೆಲ್ಲ ನಾನೇ ಹೇಳಿಕೊಟ್ಟದ್ದು.

"ಅತ್ತೀ, ಒಂದು ಸಾಲಿಗೆ ಎಷ್ಟೊತ್ತು ನೀರು ಬಿಡ್ತೀರಿ?" ಎಂದು ಕೇಳಿದ್ದಳು.

"ಗಡಿಯಾರ ನೋಡಿ ಬಿಡ್ತಾರೇನ ಹುಚ್ಚಿ? ಮಣ್ಣು ಸಾಕಂದ ಮ್ಯಾಲ ತಿರುವೂದು."

"ಮಣ್ಣು ಸಾಕಂತ ಹೆಂಗ ಅಂತೈತ್ರಿ?"

"ನಿಮ್ಮ ಮಾವನಂಗ. ಬಾಯಿ ಬಿಟ್ಟು ಹೇಳೂದಿಲ್ಲ, ತಾಟಿನ್ಯಾಗ ಬಿಡ್ತೈತಿ."

ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾಗಪ್ಪನ ಸಂಗತಿಯನ್ನೂ ಹೇಳಿದ್ದೆ. ನೀರು ಹಾಯಿಸುವಾಗ ಕಾಲುವೆಯಲ್ಲಿ ಹಾವು ಬಂದರೆ ನಮ್ಮಪ್ಪ ಸಲಿಕೆ ಕೆಳಗಿಟ್ಟು ಕೈಮುಗಿದು ನಿಲ್ಲುತ್ತಿದ್ದ. ಅದು ದಾಟುವತನಕ ನೀರು ಎತ್ತ ಹೋದರೂ ಹೋಗಲಿ. ಚಂದ್ರವ್ವ ಅದನ್ನೂ ಆಟದಲ್ಲಿ ಸೇರಿಸಿದ್ದಾಳೆ. ಹಾವು ದಾಟುವಾಗ ಯಾವ ಬಟನ್ನೂ ಮುಟ್ಟಬಾರದು. ಮುಟ್ಟಿದರೆ ಒಡ್ಡುಗಳೆಲ್ಲ ಒಡೆದು ಹೊಲ ಕೊಚ್ಚಿಹೋಗುತ್ತದೆ. ನಮ್ಮ ಯಜಮಾನರು ಪ್ರತಿಸಲ ಅಲ್ಲೇ ಸೋಲುತ್ತಾರೆ. ಮಗ ಧರೆಪ್ಪನೂ ಸೋಲುತ್ತಾನೆ. ನಾನು ಸೋಲುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ದೇವಿ ಚಿಂಚಲಿ ಮಾಯವ್ವನ ಹೆಸರು ಹೇಳುತ್ತ ಕೂಡುತ್ತೇನೆ.

ಇಂಥ ಸೊಸೆಯನ್ನು ಕೊಟ್ಟದ್ದಕ್ಕೆ ಆ ಅವ್ವನಿಗೆ ಹಸಿರು ಸೀರೆ ಉಡಿಸಬೇಕು.

೧೭ ಜೂನ್, ಮಂಗಳವಾರ

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರ ಧರೆಪ್ಪನ ಅಂಗಡಿ ಇದೆ. ಟಿವಿ, ಟೇಪ್ ರೆಕಾರ್ಡರ್, ಟಿವಿಗೆ ಹಚ್ಚಿ ಆಡುವ ಗೇಮಿನ ಡಬ್ಬಿ ಎಲ್ಲ ಮಾರುತ್ತಾನೆ. ಆ ಡಬ್ಬಿಯೊಳಗೆ ಹಾಕುವ ಆಟದ ಕ್ಯಾಸೆಟ್ಟುಗಳನ್ನು ಅವನಿಗೆ ತಂದುಕೊಡುವವನು ಸಾಂಗಲಿಯ ನಾಮದೇವ. ಇವತ್ತು ನಾಮದೇವ ಪುಣೆಯ ಕಂಪನಿಯ ಸಾಹೇಬರೊಬ್ಬರನ್ನು ಕರೆದುಕೊಂಡು ನಮ್ಮ ಮನೆಗೇ ಬಂದ.

ಸಾಹೇಬರು ಹೆಚ್ಚು ಮಾತಾಡುವವರಲ್ಲ. ಕೂತು ಆಡಿದರು. ಹಾವು ಬಂದಾಗ ಅವರೂ ಸೋತರು, ಮತ್ತೆ ಆಡಿದರು. ಚಹಾ ಆರಿ ಕೆನೆಗಟ್ಟಿತು. ಹೋಗುವಾಗ ಚಂದ್ರವ್ವನಿಗೆ ಕೈಮುಗಿದು ಹೋದರು. ನನ್ನ ಎದೆ ಉಬ್ಬಿತು.

ಸಾಹೇಬರು ಕಾರಿನಲ್ಲಿ ಕೂತ ಮೇಲೆ ನಾಮದೇವ ಒಳಗೆ ಬಂದು ವಿಷಯ ಬಿಚ್ಚಿದ. ಕಂಪನಿ ಇದನ್ನು ತರುತ್ತದೆ, ಆದರೆ ಟಿವಿ ಡಬ್ಬಿಗೂ ಕಂಪ್ಯೂಟರಿಗೂ ಕೂಡಿಯೇ ತರುತ್ತದೆ. ನಿಪ್ಪಾಣಿಯಿಂದ ಅಥಣಿಯವರೆಗಿನ ಏಜೆನ್ಸಿ ಧರೆಪ್ಪನಿಗೆ. ಟಿವಿ ಡಬ್ಬಿಗೆ ನಾಲ್ಕು ಬಾಣದ ಗುರುತು, ಎರಡು ಬಟನ್, ಅಷ್ಟೇ. ಅದರ ಹೊಟ್ಟೆಯೂ ಸಣ್ಣದು. ಅಷ್ಟರಲ್ಲಿ ಹಿಡಿಸುವ ಹಾಗೆ ಆಟವನ್ನು ಕತ್ತರಿಸಬೇಕು.

"ಟಿವಿಗೆ ಬೇಕಾದ್ರ ಸಣ್ಣದೊಂದು ಬ್ಯಾರೆ ಮಾಡಿಕೊಡ್ತೀನ್ರಿ. ಕಂಪ್ಯೂಟರಿಂದು ಹಿಂಗಽ ಇರಲಿ," ಎಂದಳು ಚಂದ್ರವ್ವ.

"ನಾಹೀ ವೈನಿ, ಆಗೂದಿಲ್ಲ," ಎಂದ ನಾಮದೇವ. "ಮಾರೂ ಡಬ್ಬಿ ಮ್ಯಾಲ ಚಿತ್ರ ಒಂದಽ, ಹೆಸರು ಒಂದಽ. ಒಳಗ ಆಟ ಎರಡಾದ್ರ, ನಮಗ ಕಡಿಮಿ ಕೊಟ್ರಿ ಅಂತ ಟಿವಿ ಮಂದಿ ನನ್ನ ಕೊರಳಪಟ್ಟಿ ಹಿಡೀತಾರ. ಟಿವಿಗೂ ಅದಽ, ಕಂಪ್ಯೂಟರಿಗೂ ಅದಽ."

"ಅಂದ್ರ ಟಿವಿಗೆ ಆಗೂದಿಲ್ಲಂತ ಕಂಪ್ಯೂಟರಿಂದೂ ಕೈಕಾಲು ಮುರೀಬೇಕೇನ್ರಿ?"

ಧರೆಪ್ಪನಿಗೆ ಸಿಟ್ಟು ಬಂತು. "ಚಿಕ್ಕೋಡಿ, ರಾಯಬಾಗ, ಕಾಗವಾಡ ಎಲ್ಲಾ ತಿರುಗಿ ಬಾ. ಮನ್ಯಾಗ ಕಂಪ್ಯೂಟರ್ ಇದ್ದವರು ಎಷ್ಟು ಮಂದಿ ಸಿಗ್ತಾರ? ಟಿವಿ ಇಲ್ಲದ್ದು ಒಂದು ಮನಿ ತೋರಸು. ಟಿವಿ ಮಂದಿ ತಗೋಳದಿದ್ರ ನಿನ್ನ ನೀರಾಟ ನೋಡವ್ರು ಯಾರು? ನಮ್ಮವ್ವ ಒಬ್ಬಾಕಿ."

ಅವನು ಹೇಳುವುದೂ ಸುಳ್ಳಲ್ಲ.

೨೬ ಜೂನ್

ಚಂದ್ರವ್ವ ಇನ್ನೂ ಹಟ ಬಿಟ್ಟಿಲ್ಲ. ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನನ್ನನ್ನೇ ಹಿಡಿದಳು.

"ಅತ್ತೀ, ಮಾವನವರ ಹೊಟ್ಟಿ ಹುಣ್ಣಿಗಂತ ಇಡೀ ಮನಿಗೆ ಖಾರ ಇಲ್ಲದ ಸಾರು ಮಾಡ್ತೀರಿ. ಮಾವನವರಿಗೆ ಒಂದು ಸಣ್ಣ ಗಡಿಗ್ಯಾಗ ಬ್ಯಾರೆ ಮಾಡಿದ್ರ ಉಳದವರು ಬಾಯಿಗೆ ರುಚಿಯಾಗಿ ಉಣ್ಣೂದಿಲ್ಲೇನ್ರಿ? ಇದೂ ಹಂಗಽ."

"ಒಂದು ಮನ್ಯಾಗ ಎರಡು ಒಲಿ ಹೊತ್ತಿದ್ವು ಅಂದ್ರ ಆ ಮನಿ ಪಾಲಾತು ಅಂತ ತಿಳಿ," ಎಂದೆ. "ನಾ ಬಂದಾಗಿನಿಂದ ಈ ಮನ್ಯಾಗ ಒಂದಽ ಒಲಿ, ಒಂದಽ ಗಡಿಗಿ. ಒಬ್ಬರಿಗೆ ಆಗದ್ದು ಯಾರಿಗೂ ಇಲ್ಲ."

"ಮಾವನವರು ತಾರವ್ವನ ಮನ್ಯಾಗ ಕುಂತು ರಂಜಕ ತಿಂದು ಬರ್ತಾರ್ರಿ ಅತ್ತೀ."

ಪಕ್ಕದ ಮನೆಯ ತಾರವ್ವ ಕೆಂಪು ಮೆಣಸಿನಕಾಯಿ ಅರೆದು ರಂಜಕ ಹಾಕುತ್ತಾಳೆ, ನಿಜ. ಇವರು ತಿಂದು ಬರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿಲ್ಲದ್ದನ್ನು ಸೊಸೆ ಹೇಳಬಾರದು. ಅವಳ ಬಾಯಿ ಸ್ವಲ್ಪ ಉದ್ದವಾಗಿದೆ. ನಾನೇ ಸಲಿಗೆ ಕೊಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಎದುರಿಗೂ ಹೇಳಿಬಿಟ್ಟೆ: ಆಟ ಒಂದೇ ಆಗಬೇಕು, ಎರಡಿಲ್ಲ. ಧರೆಪ್ಪ ಎರಡು ರೊಟ್ಟಿ ಹೆಚ್ಚು ಉಂಡ.

೯ ಜುಲೈ

ಚಂದ್ರಮತಿ ಕತ್ತರಿಸುತ್ತಿದ್ದಾಳೆ. ಏಡಿ ಹೋಯಿತು. ಮೋಟಾರು ನಿಲ್ಲಿಸುವ ಬಟನ್ ಹೋಯಿತು. ಇಳಿಜಾರು ಟಿವಿಯಲ್ಲಿ ಹಿಡಿಸುವುದಿಲ್ಲ ಎಂದು ಹೊಲ ಸಪಾಟಾಯಿತು. ಮಣ್ಣು ನೀರು ಕುಡಿಯುವುದಿಲ್ಲ, ನೀಲಿ ಇಟ್ಟಂಗಿ ಒಂದರ ಮುಂದೊಂದು ಬಿದ್ದ ಹಾಗೆ ನೀರು ಬೀಳುತ್ತದೆ.

ಆಡಿ ನೋಡಿದೆ. ಒಂದು ಸಾಲು ಮುಗಿಸುವಷ್ಟರಲ್ಲಿ ಬೇಸರ ಬಂತು. ರೂಢಿಯಾದರೆ ಸರಿಹೋದೀತು.

"ಹೆಂಗೈತ್ರಿ ಅತ್ತೀ?" ಎಂದು ನನ್ನ ಮುಖವನ್ನೇ ನೋಡುತ್ತ ಕೇಳಿದಳು.

"ಚಲೋ ಐತಿ," ಎಂದೆ.

ಅವಳು ಯಾಕೆ ಹಾಗೆ ನೋಡಬೇಕು?

೧೪ ಜುಲೈ

ಹೊರಗಾಗಿದ್ದಾಳೆ. ಮೂರು ದಿನ ಪಡಸಾಲೆಯ ಮೂಲೆ, ಬೇರೆ ತಾಟು, ಬೇರೆ ಚಾಪೆ. ಕಂಪ್ಯೂಟರಿಗೆ ಮಾತ್ರ ಮುಟ್ಟುಚಟ್ಟು ಇಲ್ಲ ಎಂದೆ. ಅದನ್ನು ದೇವರ ಜಗಲಿಯ ಕೋಣೆಯಿಂದ ಪಡಸಾಲೆಗೆ ಎತ್ತಿಡಿಸಿದೆ. ನಾಮದೇವನಿಗೆ ತಡವಾಗಬಾರದು. ಬೆನ್ನು ನೋಯುತ್ತದೆ ಎಂದಳು. ಬೆನ್ನು ಎಲ್ಲರಿಗೂ ನೋಯುತ್ತದೆ.

೧೮ ಜುಲೈ

ನಾಮದೇವ ಬಂದಿದ್ದ. ಹಾವು ದಾಟುವತನಕ ಸುಮ್ಮನೆ ಕೂಡುವುದು ಟಿವಿಯವರಿಗೆ ಹಿಡಿಸುವುದಿಲ್ಲವಂತೆ. ಎರಡು ಬಟನ್ ಇವೆ, ಒಂದು ಜಿಗಿಯುವುದಕ್ಕೆ, ಇನ್ನೊಂದು ಹೊಡೆಯುವುದಕ್ಕೆ. ರೈತ ಜಿಗಿದು ಜಿಗಿದು ಸಲಿಕೆಯಿಂದ ಹಾವಿನ ತಲೆ ಜಜ್ಜಬೇಕು. ಒಂದು ಹಾವಿಗೆ ಇಂತಿಷ್ಟು ಅಂಕ.

ಅವನ ಮುಂದಿದ್ದ ಚಹಾದ ಕಪ್ಪು ಎತ್ತಿಕೊಂಡೆ. "ನಮ್ಮ ಮನ್ಯಾಗ ಇದು ಆಗೂದಿಲ್ಲ, ಎದ್ದು ಹೋಗಪಾ," ಎಂದೆ.

ಚಂದ್ರಮತಿ ಓಡಿಬಂದು ನನ್ನ ಕಾಲಿಗೆ ಬಿದ್ದಳು. "ನೀವಿದ್ರ ಸಾಕ್ರಿ ಅತ್ತೀ," ಎಂದಳು. ತಲೆ ಸವರಿದೆ.

೨೧ ಜುಲೈ, ಸೋಮವಾರ

ಧರೆಪ್ಪ ಮೂರು ದಿನದಿಂದ ನನ್ನ ಕೈಯ ಊಟ ಉಣ್ಣುತ್ತಿಲ್ಲ. ಚಿಕ್ಕೋಡಿಯಲ್ಲಿ ಖಾನಾವಳಿಗೆ ಹೋಗುತ್ತಾನಂತೆ. ಏಜೆನ್ಸಿಯನ್ನು ಅಥಣಿಯವನೊಬ್ಬನಿಗೆ ಕೊಡುತ್ತೇನೆಂದು ನಾಮದೇವ ಹೇಳಿದ್ದಾನೆ. "ನಿನಗ ಸೊಸಿನಽ ಮಗಾ ಆಗ್ಯಾಳ. ಇನ್ನ ನನ್ನ ಕರೀಬ್ಯಾಡ," ಎಂದು ನನಗೆ ಬೆನ್ನು ಮಾಡಿ ಹೋದ.

ಅವ್ವನನ್ನೇ ಕೇಳಿದೆ. ಜಳಕ ಮಾಡಿ ಮಾಯವ್ವನ ಮೂರ್ತಿಯ ಎರಡೂ ಭುಜಕ್ಕೆ ಹೂ ಹಚ್ಚಿ ಕೂತೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಎಡದ ಹೂ ಬಿತ್ತು. ಹೂ ಬಾಡಿತ್ತು ಅನಿಸಿತು. ತಾಜಾ ಹೂ ತಂದು ಹಚ್ಚಿದೆ. ಮತ್ತೆ ಎಡದ್ದೇ ಬಿತ್ತು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಕಿಟಕಿ ಹಾಕಿ ಬಂದು ಹಚ್ಚಿದೆ. ಈ ಸಲ ಬಲಕ್ಕೆ ಬಿತ್ತು.

ಅವ್ವನೇ ಕೊಟ್ಟ ಮೇಲೆ ಬೇಡ ಅನ್ನಲು ನಾನು ಯಾರು? ಟಿವಿಯೊಳಗಿನ ಹಾವಿಗೆ ಜೀವವಿಲ್ಲ. ಚಂದ್ರಮತಿಗೆ ಹೇಳಿದೆ.

"ಹೂ ಎಷ್ಟು ಸಲ ಕೇಳಿದ್ರಿ ಅತ್ತೀ?" ಎಂದಳು. ಬಾಗಿಲ ಸಂದಿಯಿಂದ ನೋಡಿರಬೇಕು.

ಬಾಯಿ ಮೇಲೆ ಹೊಡೆದೆ. ಸೊಸೆಯಾಗಿ ಬಂದು ಎರಡು ವರ್ಷವಾಯಿತು, ಒಮ್ಮೆಯೂ ಹೊಡೆದಿರಲಿಲ್ಲ. ದೇವರ ವಿಷಯದಲ್ಲಿ ಹಗುರ ಮಾತಾಡಿದರೆ ನಾನು ಸುಮ್ಮನಿರುವವಳಲ್ಲ.

ಧರೆಪ್ಪ ಮನೆಯಲ್ಲಿ ಉಂಡ.

೭ ಆಗಸ್ಟ್

ನಾಳೆ ಪಂಚಮಿ. ಚಂದ್ರಮತಿಯ ಅಣ್ಣ ಲಗಮಪ್ಪ ತಂಗಿಯನ್ನು ತವರಿಗೆ ಕರೆದೊಯ್ಯಲು ಮಿರಜಿನಿಂದ ಬಂದಿದ್ದ. ಕೊಬ್ಬರಿ, ಜೋಳದ ಅಳ್ಳು, ಒಂದು ಕುಪ್ಪಸದ ಖಣ ತಂದಿದ್ದ.

"ಈ ವರ್ಷ ಕಳಸಾಕ ಆಗೂದಿಲ್ಲಪಾ," ಎಂದೆ. "ಕೆಲಸ ಐತಿ."

"ಪಂಚಮಿಗೆ ಹೆಣ್ಣಮಕ್ಕಳನ್ನ ಇಟ್ಕೋತಾರೇನ್ರಿ ಅತ್ತಿಯವರ? ನಮ್ಮವ್ವ ಜೋಕಾಲಿ ಕಟ್ಟಿ ದಾರಿ ಕಾಯಾಕತ್ತಾಳ."

"ನಿಮ್ಮವ್ವಗ ಹೇಳು, ಬಂಗಾರ ಕೊಟ್ಟಿದ್ರ ಕಳಸ್ತಿದ್ದೆ. ಕಂಪ್ಯೂಟರ್ ಕೊಟ್ಟೀರಿ, ಅದರ ಕೆಲಸ ಮುಗೀಲಿ."

ಆ ಮಾತು ಹೇಗೆ ಬಾಯಿಗೆ ಬಂತೋ ತಿಳಿಯದು. ತಾರವ್ವ ಕೇಳಿ ನಕ್ಕಳು, ನನಗೂ ನಗು ಬಂತು. ಲಗಮಪ್ಪ ನೀರು ಸಹ ಕುಡಿಯದೆ ಬಸ್ಸಿಗೆ ಹೋದ. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಅಳಲಿಲ್ಲ.

೮ ಆಗಸ್ಟ್, ನಾಗಪಂಚಮಿ

ಬೆಳಿಗ್ಗೆ ಹುತ್ತದ ಮಣ್ಣಿನ ನಾಗಪ್ಪನನ್ನು ಮಾಡಿ ಹಾಲೆರೆದೆ. ಇವತ್ತು ನೆಲ ಅಗೆಯಬಾರದು, ಏನನ್ನೂ ಹೆಚ್ಚಬಾರದು, ಒಲೆಯ ಮೇಲೆ ಹಂಚು ಇಡಬಾರದು. ಒಂದೂ ತಪ್ಪಲಿಲ್ಲ. ಯಜಮಾನರ ಕೈಯಿಂದ ಹೆಸರು ಹೇಳಿ ಹಾಲು ಹಾಕಿಸಿದೆ, ಧರೆಪ್ಪನ ಕೈಯಿಂದ ಹಾಕಿಸಿದೆ. ಸೊಸೆಯ ಕೈಯಿಂದಲೂ ಹಾಕಿಸಿದೆ.

ಆಮೇಲೆ ಅವಳನ್ನು ಕೆಲಸಕ್ಕೆ ಕೂರಿಸಿದೆ. ನಾಳೆ ಬೆಳಿಗ್ಗೆ ನಾಮದೇವ ಬಂದು ಹಾವು ಹೊಡೆಯುವುದನ್ನು ನೋಡುತ್ತಾನೆ.

"ಇವತ್ತೊಂದು ದಿನ ಬ್ಯಾಡ್ರಿ ಅತ್ತೀ. ಬೇಕಾದ್ರ ನಾಳೆ ನಸುಕಿನ್ಯಾಗ ಎದ್ದು ಮಾಡ್ತೀನಿ. ಇವತ್ತಽ ಇದನ್ನ ಮಾಡಸಬ್ಯಾಡ್ರಿ."

"ಅವ್ವ ಹೂ ಕೊಟ್ಟಾಳ."

ಎದ್ದು ಹೋದಾಳೆಂದು ಅವಳ ಹಿಂದೆಯೇ ಮಣೆ ಹಾಕಿಕೊಂಡು ಜಪಮಾಲೆ ಹಿಡಿದು ಕೂತೆ. ಓಣಿಯಲ್ಲಿ ಹುಡುಗಿಯರು ಜೋಕಾಲಿ ಆಡುತ್ತಿದ್ದರು, ಅವರ ಕಿರಿಚಾಟ ಒಳಗೆ ಕೇಳುತ್ತಿತ್ತು. ಅವಳು ಆ ಕಡೆ ತಿರುಗಿದಾಗಲೆಲ್ಲ ಮಣಿಗಳನ್ನು ಜೋರಾಗಿ ಸರಿಸಿದೆ. ಸಂಜೆಯ ಹೊತ್ತಿಗೆ ರೈತ ಜಿಗಿದು ಹೊಡೆದ, ಹಾವು ಮೂರು ತುಂಡಾಯಿತು. ಟಿಣ್ ಎಂದು ಸಪ್ಪಳವೂ ಬಂತು.

ಹಬ್ಬಕ್ಕೆ ಕಟ್ಟಿದ ಎಳ್ಳಿನ ಉಂಡಿ ಕೊಟ್ಟೆ. ಅವಳು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ತಿನ್ನದಿದ್ದರೆ ಬಿಡಲಿ, ಇರುವೆಗಳಾದರೂ ತಿಂದಾವು.

೨೪ ಆಗಸ್ಟ್, ರವಿವಾರ

ಕೆಲಸ ಮುಗಿಯಿತು. ನಾಮದೇವ ಪೇಢೆ ತಂದ. ಸೊಸೆಯನ್ನು ಇವತ್ತು ನಾನೇ ಮಿರಜಿನ ಬಸ್ಸು ಹತ್ತಿಸಿ ಬಂದೆ. ಪಂಚಮಿಗೆ ಕಳಿಸದಿದ್ದರೇನಾಯಿತು, ಈಗ ನಾಲ್ಕು ದಿನ ಇದ್ದು ಬರಲಿ. ಬೇರೆ ಅತ್ತೆಯರಾಗಿದ್ದರೆ ಇಷ್ಟನ್ನೂ ಮಾಡುತ್ತಿರಲಿಲ್ಲ.

೨೬ ಆಗಸ್ಟ್

ಮುಗಿದ ಆಟವನ್ನು ತುಂಬಿ ಪುಣೆಗೆ ಕಳಿಸಲು ನಾಮದೇವನಿಗೆ ತುರ್ತಾಗಿ ಫ್ಲಾಪಿಗಳು ಬೇಕಾಗಿದ್ದವು. ಅಂಗಡಿಯಲ್ಲಿ ಮುಗಿದಿದ್ದವು, ಸಾಂಗಲಿಗೆ ಹೋಗಿಬರಲು ಧರೆಪ್ಪನಿಗೆ ಹೊತ್ತಿಲ್ಲ. ಅವಳ ಟ್ರಂಕಿನಲ್ಲಿ ಇವೆಯೆಂದು ನನಗೆ ಗೊತ್ತಿತ್ತು. ಮೊದಲು ಮಾಡಿದ ಆಟವನ್ನು ಅವುಗಳಲ್ಲಿ ತೆಗೆದಿಟ್ಟಿದ್ದಳು. ಕಂಪ್ಯೂಟರಿನಲ್ಲಿದ್ದುದನ್ನು ನಾಮದೇವ ಮೊದಲೇ ಅಳಿಸಿಹಾಕಿಸಿದ್ದ. ಟ್ರಂಕಿನ ತಳದಲ್ಲಿ ಲಗಮಪ್ಪ ತಂದ ಖಣದಲ್ಲಿ ಸುತ್ತಿಟ್ಟಿದ್ದಳು, ತಾಳಿ ಸುತ್ತಿಟ್ಟ ಹಾಗೆ.

"ಇವು ಖಾಲಿ ಅದಾವೇನ ಅವ್ವಾ?" ಎಂದ ಧರೆಪ್ಪ.

"ಖಾಲಿ ಮಾಡ್ಕೋ," ಎಂದೆ.

ಅವನು ಸ್ವಲ್ಪ ಹಿಂದೆ ಮುಂದೆ ನೋಡಿದ. ಗಂಡಸರಿಗೆ ಧೈರ್ಯ ಕಡಿಮೆ. "ಇಟ್ರ ಇವತ್ತಿಲ್ಲ ನಾಳಿ ಮನ್ಯಾಗ ಎರಡನೇ ಒಲಿ ಹೊತ್ತತೈತಿ. ತಗೊಂಡು ಹೋಗು," ಎಂದೆ. ಒಂದೊಂದಾಗಿ ಕಂಪ್ಯೂಟರಿಗೆ ಹಾಕಿದ. ಒಂದೊಂದೂ ಕರಕರ ಎಂದು ತಿರುಗಿ ಹೊರಗೆ ಬಂತು.

ಖಣವನ್ನು ಮಡಿಚಿ ಇದ್ದಲ್ಲೇ ಇಟ್ಟೆ. ಬೇರೆಯವರ ವಸ್ತು ನನಗೇಕೆ?

೩೦ ಆಗಸ್ಟ್

ಬಂದಳು. ಟ್ರಂಕು ತೆರೆದಳು. ಬಹಳ ಹೊತ್ತು ತೆರೆದುಕೊಂಡೇ ಕೂತಿದ್ದಳು. ಅಳುತ್ತಾಳೆ, ಜಗಳ ತೆಗೆಯುತ್ತಾಳೆ ಎಂದು ನಾನು ಮಾತು ಕೂಡಿಸಿ ಇಟ್ಟುಕೊಂಡಿದ್ದೆ. ಎದ್ದು ಬಂದು ಕಸಬರಿಗೆ ತೆಗೆದುಕೊಂಡು ಅಂಗಳ ಗುಡಿಸಿದಳು.

ನಾನು ಇಷ್ಟು ಮಾತು ಕೂಡಿಸಿಟ್ಟದ್ದು ಎಲ್ಲ ವ್ಯರ್ಥವಾಯಿತು.

೨ ಅಕ್ಟೋಬರ್

ಬರೆಯುವಂಥದೇನಿಲ್ಲ. ಸೊಸೆ ಹೇಳಿದ್ದು ಮಾಡುತ್ತಾಳೆ, ಎದುರು ಮಾತಿಲ್ಲ. ಈಗ ಮನೆ ಮನೆಯಂತಿದೆ. ತಾರವ್ವ ಬಂದು "ಏನಬೇ, ಸೊಸೀನ ಭಾರಿ ಪಳಗಿಸೀದಿ," ಎಂದಳು.

೧೦ ನವೆಂಬರ್, ಸೋಮವಾರ

ದೀಪಾವಳಿಗೆ ಆಟ ಬಂತು. ಒಂದು ಹಬ್ಬವೂ ಬಾಳಲಿಲ್ಲ. ಟಿವಿಯವರು, ಜಿಗಿದು ಹೊಡೆಯುವ ಆಟ ನಮ್ಮ ಹತ್ತಿರ ಬೇಕಾದಷ್ಟಿವೆ, ಇದರಲ್ಲೇನಿದೆ ಎಂದು ಕ್ಯಾಸೆಟ್ ತಿರುಗಿ ತಂದುಕೊಡುತ್ತಿದ್ದಾರೆ. ಕೊಲ್ಹಾಪುರ, ಬೆಳಗಾವಿಯ ಕಂಪ್ಯೂಟರಿನವರು, ಟಿವಿಯ ಎಂಜಲನ್ನು ನಮಗೆ ಯಾಕೆ ಕೊಟ್ಟಿರಿ ಎಂದು ಕೇಳಿದರಂತೆ.

ನಾಮದೇವ ಬೆವರುತ್ತ ಬಂದು ಕೂತ. ಪುಣೆಯ ಸಾಹೇಬರು ಅವನನ್ನು ಕರೆಸಿ ಬೈದಿದ್ದಾರೆ. ಅಂಕಲಿಯಲ್ಲಿ ನಾನು ಆಡಿದ್ದು ಇದಲ್ಲ, ಆ ಹಾವು ದಾಟುವ ಆಟ ಎಲ್ಲಿದೆ, ಅದನ್ನು ತಾ, ಕಂಪ್ಯೂಟರಿಗೆ ಮಾತ್ರ ಅದನ್ನೇ ತರೋಣ ಎಂದರಂತೆ. ಅದನ್ನು ಕೊಟ್ಟರೆ ಧರೆಪ್ಪನ ಏಜೆನ್ಸಿ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ಧರೆಪ್ಪ ಹೆಂಡತಿಯ ಮುಖ ನೋಡಿದ. "ಹಳೇದು ಎಲ್ಲೆರೆ ಐತೇನ?"

"ಫ್ಲಾಪಿ ನಿಮ್ಮ ಕೈಯಾಗಽ ಇದ್ವಲ್ರಿ," ಎಂದು ಖಾಲಿ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋದಳು.

"ಇನ್ನೊಮ್ಮೆ ಮಾಡು," ಎಂದು ಅವಳ ಹಿಂದೆಯೇ ಹೋಗಿ ಹೇಳಿದೆ. "ಮಾಡಿದಾಕಿಗೆ ಮತ್ತ ಮಾಡೂದೇನು ದೊಡ್ಡದಲ್ಲ."

"ಆತ್ರಿ," ಎಂದಳು.

೧೧ ನವೆಂಬರ್, ಮಂಗಳವಾರ

ಬೆಳಿಗ್ಗೆ ಬಂದು ಕೂತಳು. ಕೈ ಎರಡೂ ಮಡಿಲಲ್ಲಿ. ಕಂಪ್ಯೂಟರ್ ಹಚ್ಚಿದ್ದಳು, ಕರಿ ಪರದೆಯ ಮೇಲೆ ಬಿಳಿ ಗೆರೆಯೊಂದು ಹೊತ್ತಿ ಆರುತ್ತಿತ್ತು. ನಾನು ದೇವರ ಪೂಜೆ ಮುಗಿಸಿ ಬಂದೆ, ಕೈ ಮಡಿಲಲ್ಲೇ ಇದ್ದವು. ದನದ ಕೆಲಸ ನೋಡಿ ಬಂದೆ, ಮಡಿಲಲ್ಲೇ ಇದ್ದವು.

"ಯಾಕ ಸುಮ್ಮ ಕುಂತಿ?"

"ನೆನಪಾಗವಲ್ದ್ರಿ ಅತ್ತೀ."

"ಏನ ನೆನಪಾಗವಲ್ದು?"

"ನೀರು ಹೆಂಗ ಹೋಗ್ತಿತ್ತು ಅನ್ನೂದು."

ಸೊಕ್ಕು ಎಂದುಕೊಂಡೆ. ಆದರೂ ತಾಳ್ಮೆ ತಂದುಕೊಂಡು ಪಕ್ಕದಲ್ಲಿ ಕೂತು ಹೇಳತೊಡಗಿದೆ. ಮೊದಲು ನೀರು ಬಾವಿಯ ಬಾಯಿಯಲ್ಲಿ ತಡವರಿಸಬೇಕು, ತಿಳಿಯಿತೇ, ಹೊಸಬರ ಮನೆಗೆ ಬಂದವರ ಹಾಗೆ. ಆಮೇಲೆ ಬಿಸಿಲಿಗೆ ಬಿರಿದ ಕಡೆ ಮೊದಲು ಇಳಿಯಬೇಕು, ಸಾಲಿನ ಅಂಚು ನೆನೆಯುವ ಮೊದಲು ನಡುವೆ ನೆನೆಯಬೇಕು. ನೀರಿನ ಮುಂದೆ ಸಣ್ಣ ನೊರೆ ಇರುತ್ತದೆ, ಅದರ ಮೇಲೆ ಕಬ್ಬಿನ ಒಣಗಿದ ಎಲೆ, ರವದಿ, ತೇಲುತ್ತ ಹೋಗುತ್ತದೆ, ಅದನ್ನು ನೀನು ಎಷ್ಟು ಚಂದ ಮಾಡಿದ್ದೆ. ಕೊನೆಯ ಸಾಲಿನ ಕಬ್ಬು ನೀರು ಮುಟ್ಟಿದ ಕೂಡಲೇ ನೆಟ್ಟಗಾಗುವುದಿಲ್ಲ, ಒಂದು ಉಸಿರಿನಷ್ಟು ತಡೆದು ಆಗುತ್ತದೆ. ಹಾವು ಬಂದಾಗ ಆಟದಲ್ಲಿ ಎಲ್ಲ ಸಪ್ಪಳ ನಿಲ್ಲುತ್ತಿತ್ತು, ಮೋಟಾರಿನದೂ ನಿಲ್ಲುತ್ತಿತ್ತು, ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಅದು ದಾಟಿದ ಮೇಲೆ ಮೊದಲು ಕಪ್ಪೆಯ ದನಿ ಬರುತ್ತಿತ್ತು. ಹೇಳುತ್ತ ಹೇಳುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು, ಒಂದು ಮಾತಿಗೂ ಅಡ್ಡ ಬರಲಿಲ್ಲ. ನಾನು ನಿಲ್ಲಿಸಿದ ಮೇಲೆ ಎದ್ದು ನಿಂತು, ನನ್ನ ಮುಂಗೈ ಹಿಡಿದು ತನ್ನ ಕುರ್ಚಿಯಲ್ಲಿ ಮೆಲ್ಲಗೆ ಕೂರಿಸಿದಳು.

"ಎಲ್ಲಾ ನಿಮಗಽ ನೆನಪೈತಲ್ರಿ ಅತ್ತೀ. ನೀವಽ ಮಾಡ್ರಿ."

ಒಳಗೆ ಹೋದಳು. ಕೂಗಿದೆ. ಅವಳಪ್ಪನ ಹೆಸರೆತ್ತಿ ಬೈದೆ, ಹುಟ್ಟದ ಮಕ್ಕಳ ಹೆಸರೆತ್ತಿ ಬೈದೆ. ರೊಟ್ಟಿ ಬಡಿಯುವ ಸಪ್ಪಳ ಒಮ್ಮೆಯೂ ತಪ್ಪಲಿಲ್ಲ. ಬಿಳಿ ಗೆರೆ ಹೊತ್ತುತ್ತಿತ್ತು, ಆರುತ್ತಿತ್ತು. ಒಂದು ಬಟನ್ ಒತ್ತಿದೆ, ಇಂಗ್ಲಿಷಿನ ಅಕ್ಷರವೊಂದು ಮೂಡಿತು. ಮತ್ತೊಂದು ಒತ್ತಿದೆ, ಅದರ ಪಕ್ಕ ಇನ್ನೊಂದು ಮೂಡಿತು.

"ರೊಟ್ಟಿ ಆದೂರಿ ಅತ್ತೀ. ಬಿಸಿ ಅದಾವು, ಉಣ್ಣಾಕ ಬರ್ರಿ," ಎಂದು ಒಳಗಿನಿಂದ ಕರೆದಳು. ದನಿಯಲ್ಲಿ ಎಂದಿನ ಮರ್ಯಾದೆಯೇ ಇತ್ತು.